ಬಾರ್ಸಿಲೋನಾಕ್ಕೆ ಹೊರಡುವ ಮೊದಲು ದುಡಿಪಾಟ್ ರೆಕಾರ್ಡ್ ಮಾಡಿಕೋ

ತಮ್ಮಾ, ನೀನು ಕೇಳಿದ್ದು ಇಷ್ಟು: ಪೊನ್ನಂಪೇಟೆಯಲ್ಲಿ ಎಲೆಕ್ಟ್ರಾನಿಕ್ಸ್ ಬಿಇ ಮುಗಿಸಿದವನು ನೇರವಾಗಿ ಬಾರ್ಸಿಲೋನಾದ ಪೊಂಪೆವು ಫಾಬ್ರಾ ವಿಶ್ವವಿದ್ಯಾಲಯದಲ್ಲಿ ಮ್ಯೂಸಿಕ್ ಟೆಕ್ನಾಲಜಿ ಪಿಎಚ್‌ಡಿಗೆ ಸೇರಬಹುದಾ, ಚಳಿ, ಊಟ, ಮನೆ ಹೇಗೆ, ಬರುವಾಗ ಏನು ತರಬೇಕು. ಮುಖ್ಯವಾಗಿ ತರಬೇಕಾದದ್ದು ದುಡಿಪಾಟ್, ಅಂದರೆ ದುಡಿ ಎಂಬ ಸಣ್ಣ ಚರ್ಮವಾದ್ಯ ಬಾರಿಸುತ್ತ ನಾಲ್ವರು ಹಾಡುವ ನಮ್ಮ ಕೊಡವ ಹಾಡಿನ ರೆಕಾರ್ಡಿಂಗ್.

ಮಡಿಕೇರಿಯ ಜುಲೈ ಕಂಡವನಿಗೆ ಇಲ್ಲಿಯ ಚಳಿ ಲೆಕ್ಕಕ್ಕಿಲ್ಲ. ಹಂದಿಮಾಂಸಕ್ಕೆ ಬರವಿಲ್ಲ, ಬರ ಇರುವುದು ಅದಕ್ಕೆ ಹಾಕುವ ನಮ್ಮ ಹುಳಿ ಕಾಚಂಪುಳಿಗೆ. ಬಾಟಲಿಯ ಬಾಯಿಗೆ ಟೇಪ್ ಸುತ್ತಿ ಚೆಕ್-ಇನ್ ಬ್ಯಾಗಿನಲ್ಲಿ ಹಾಕಿಕೋ. ಒಣಮಾಂಸ, ತುಪ್ಪ ಯುರೋಪಿನೊಳಗೆ ಬಿಡುವುದಿಲ್ಲ. ಬಾಡಿಗೆ ದುಬಾರಿ, ಎಷ್ಟೇ ಅಗ್ಗವಾಗಿ ಸಿಕ್ಕಿದರೂ, ಆ ವಿಳಾಸವನ್ನು ನಗರಸಭೆಯಲ್ಲಿ ನೋಂದಾಯಿಸಲು ಒಪ್ಪದ ಮಾಲೀಕನ ರೂಮು ಬೇಡ. ಬಂದ 30 ದಿನದೊಳಗೆ ಗುರುತಿನ ಕಾರ್ಡಿಗೆ ಓಡಾಡುವಾಗ ಆ ಕಾಗದ ಬೇಕಾಗುತ್ತದೆ.

ಬಿಇ ಒಂದೇ ಸಾಲದು. ಸ್ಪೇನ್‌ನಲ್ಲಿ ಪಿಎಚ್‌ಡಿಗೆ ಸಾಮಾನ್ಯವಾಗಿ ಡಿಗ್ರಿ, ಮಾಸ್ಟರ್ಸ್ ಸೇರಿ ಯುರೋಪಿನ ಲೆಕ್ಕದಲ್ಲಿ ಒಟ್ಟು 300 ಕ್ರೆಡಿಟ್ ಬೇಕು, ಅದರಲ್ಲಿ ಕನಿಷ್ಠ 60 ಮಾಸ್ಟರ್ಸ್ ಮಟ್ಟದ್ದು. ಆ ವಿಶ್ವವಿದ್ಯಾಲಯದಲ್ಲೇ ಸೌಂಡ್ ಅಂಡ್ ಮ್ಯೂಸಿಕ್ ಕಂಪ್ಯೂಟಿಂಗ್ ಮಾಸ್ಟರ್ಸ್ ಇದೆ, ಒಂದು ವರ್ಷ, ಸರಿಯಾಗಿ 60 ಕ್ರೆಡಿಟ್. ಡಿಗ್ರಿ, ಮಾರ್ಕ್ಸ್‌ಕಾರ್ಡುಗಳಿಗೆ ಅಪೊಸ್ಟಿಲ್, ಅಂದರೆ ಹೊರದೇಶದಲ್ಲಿ ಒಪ್ಪುವ ಸರಕಾರಿ ದೃಢೀಕರಣ, ಊರಲ್ಲಿದ್ದಾಗಲೇ ಮಾಡಿಸು.

ಇನ್ನು ಏನು ತರಬೇಕು ಅನ್ನುವ ಮಾತು. ಇಲ್ಲಿ ಪ್ರೊಫೆಸರ್ ಕ್ಸೇವಿಯರ್ ಸೆರ್ರಾ ಅವರ, ಲೋಕದ ಬೇರೆಬೇರೆ ಸಂಗೀತವನ್ನು ಕಂಪ್ಯೂಟರಿನಲ್ಲಿ ವಿಶ್ಲೇಷಿಸುವ ಕಾಂಪ್‌ಮ್ಯೂಸಿಕ್ ಯೋಜನೆ 2011ರಲ್ಲಿ ಶುರುವಾಯಿತು. ಕರ್ನಾಟಕ ಸಂಗೀತ, ಹಿಂದೂಸ್ತಾನಿ, ಟರ್ಕಿಯ ಮಕಾಮ್ ಎಲ್ಲ ಅದರಲ್ಲಿತ್ತು. ನಮ್ಮ ದುಡಿಪಾಟ್ ಇರಲಿಲ್ಲ. ಕೊಡವ ಹಾಡುಗಳನ್ನು ಸಂಗ್ರಹಿಸಿದ ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲೇ ಹಾಡಿನ ಪದಗಳನ್ನು ಅಚ್ಚು ಹಾಕಿಸಿದ್ದಾರೆ, ಆದರೆ ಅಳೆಯಲು ಬೇಕಾದದ್ದು ದನಿ. ಹಾಡುವ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ, ದೂರದಲ್ಲಿ ಕೂತವರಿಗೆ ಈ ಕೊರಗು ಆರುವುದಿಲ್ಲ. ಡೇಟಾ ಇಲ್ಲದೆ ಬಂದವನು ಬೇರೆಯವರ ಡೇಟಾದ ಮೇಲೆ ಬೇರೆಯವರ ಪ್ರಶ್ನೆಗೆ ದುಡಿಯುತ್ತಾನೆ.

ಮೊಬೈಲಿನಲ್ಲಿ ಹಿಡಿದದ್ದು ಆಗುವುದಿಲ್ಲ. ದುಡಿಯ ಏಟು ಬಿದ್ದ ಕೂಡಲೇ ಫೋನು ತಾನಾಗಿ ಗೇನ್, ಅಂದರೆ ಸದ್ದು ಹಿಡಿಯುವ ಮಟ್ಟ, ಇಳಿಸುತ್ತದೆ, ಏಟಿನ ಹಿಂದೆಯೇ ಬರುವ ಸ್ವರ ಕುಸಿಯುತ್ತದೆ. ಆರು ಟ್ರ್ಯಾಕಿನ ರೆಕಾರ್ಡರ್ ಬಾಡಿಗೆಗೆ ತಗೋ. ನಾಲ್ವರು ಹಾಡುಗಾರರಿಗೂ ಬಾಯಿಯ ಪಕ್ಕ ನಿಲ್ಲುವ ಹೆಡ್‌ಸೆಟ್ ಮೈಕ್. ದುಡಿ ಎದೆಯ ಹತ್ತಿರ ಇರುವುದರಿಂದ ಕಾಲರ್ ಮೈಕಿಗೆ ಬರೀ ಏಟೇ ತುಂಬುತ್ತದೆ. ಉಳಿದ ಎರಡು ಮೈಕ್ ಕೋಣೆಗೆ. ನಾಲ್ಕು ದನಿ ಬೇರೆಬೇರೆ ಯಾಕೆ ಅಂದರೆ, ಪಿ-ಯಿನ್‌ನಂಥ ಶ್ರುತಿ ಹಿಡಿಯುವ ಸಾಫ್ಟ್‌ವೇರ್ ಒಂದು ಹೊತ್ತಿಗೆ ಒಂದೇ ದನಿ ಇದೆ ಎಂದುಕೊಳ್ಳುತ್ತದೆ. ಇಬ್ಬರು ಜೊತೆಯಾಗಿ ಹಾಡಿದರೆ ಅದು ಹಿಡಿದ ಶ್ರುತಿ ಒಂದು ಸ್ಥಾಯಿ ಮೇಲಕ್ಕೋ ಕೆಳಕ್ಕೋ ಹಾರುತ್ತದೆ.

ರೆಕಾರ್ಡರಿನಲ್ಲಿ ಇಡಬೇಕಾದದ್ದು 48 ಕಿಲೋಹರ್ಟ್ಜ್, 24 ಬಿಟ್, ವೇವ್ ಫೈಲ್, ಅತಿ ಜೋರಿನ ಏಟೂ ಮೈನಸ್ 12 ಡೆಸಿಬೆಲ್ ದಾಟಬಾರದು. ಆರು ಟ್ರ್ಯಾಕಿಗೆ ಗಂಟೆಗೆ ಸುಮಾರು 3.1 ಜಿಬಿ ಆಗುತ್ತದೆ. ಎರಡು ರೆಕಾರ್ಡರ್ ಜೋಡಿಸುವ ಆಸೆ ಬಿಡು. ಅವುಗಳ ಒಳಗಿನ ಗಡಿಯಾರಗಳ ನಡುವೆ ಹತ್ತು ಲಕ್ಷಕ್ಕೆ 20 ಪಾಲು ವ್ಯತ್ಯಾಸವಿದ್ದರೂ ಗಂಟೆಗೆ 72 ಮಿಲಿಸೆಕೆಂಡ್ ಜಾರುತ್ತದೆ, ಏಟಿನ ಸಮಯ ಅಳೆಯುವಾಗ ಸಾಮಾನ್ಯವಾಗಿ ಒಪ್ಪುವ ತಪ್ಪೇ 50 ಮಿಲಿಸೆಕೆಂಡ್.

ಸುಗ್ಗಿಯ ಹಬ್ಬ ಹುತ್ತರಿಯ ದಿನ ರೆಕಾರ್ಡಿಂಗಿಗೆ ಹೋಗಬೇಡ, ಪಟಾಕಿ, ಜನ. ಅದು ಮುಗಿದ ಮೇಲೆ, ಮಳೆಗಾಲಕ್ಕೆ ಮುಂಚೆ ಹೋಗು. ಜೀರುಂಡೆಯ ಸದ್ದು ಮೇಲಿನ ಕಿರಿದಾದ ಪಟ್ಟಿಯಲ್ಲಿ ಇರುತ್ತದೆ, ಸೋಸಿ ತೆಗೆಯಬಹುದು. ಶೀಟಿನ ಮೇಲೆ ಬೀಳುವ ಮಳೆ ಎಲ್ಲ ಕಡೆ ಹರಡುತ್ತದೆ, ಸೋಸಲು ಹೋದರೆ ಹಾಡೂ ಹೋಗುತ್ತದೆ.

ಒಪ್ಪಿಗೆ ಪತ್ರ ಮರೆತರೆ ಇಷ್ಟೂ ವ್ಯರ್ಥ. ಯುರೋಪಿನ ಖಾಸಗಿ ಮಾಹಿತಿ ಕಾನೂನು 2018ರಿಂದ ಜಾರಿಯಲ್ಲಿದೆ, ಎಥಿಕ್ಸ್ ಸಮಿತಿ ಸಹಿ ಕೇಳದೆ ಬಿಡುವುದಿಲ್ಲ. ಅಜ್ಜಂದಿರಿಗೆ ಅರ್ಥವಾಗುವ ಮಾತಲ್ಲಿ ಓದಿ ಹೇಳಿ ಮೂರಕ್ಕೆ ಬೇರೆಬೇರೆ ಸಹಿ ತಗೋ: ಸಂಶೋಧನೆಗೆ ಬಳಸುವುದು, ಧ್ವನಿ ಹೊರಗೆ ಬಿಡುವುದು, ಯಂತ್ರಕಲಿಕೆಗೆ ಕೊಡುವುದು. ಐನ್‌ಮನೆ, ಅಂದರೆ ಕುಟುಂಬದ ಮೂಲಮನೆಯೊಳಗಿನ ಕೆಲವು ಪಾಟ್‌ಗೆ ಕೊನೆಯ ಎರಡಕ್ಕೆ ಒಪ್ಪದಿರಬಹುದು, ಒತ್ತಾಯ ಬೇಡ. ಮೊದಲನೆಯದಿದ್ದರೆ ಪ್ರಬಂಧಕ್ಕೆ ಸಾಕು.