ನ್ಯಾರೋಗೇಜ್ ಇಂಜಿನ್ ಕೂಡಿಡುವ ಮುಂಚೆ

ನಮಸ್ಕಾರ. ಮೊನ್ನೆ ನೀವು ಹಾಕಿದ ಪ್ರಶ್ನೆ ಓದಿದೆ. ಓಪನ್ ರೈಲ್ಸ್ ಅನ್ನುವ ರೈಲು ಓಡಿಸುವ ಕಂಪ್ಯೂಟರ್ ಆಟಕ್ಕೆ ನಲವತ್ತಕ್ಕೂ ಜಾಸ್ತಿ ನ್ಯಾರೋಗೇಜ್ (ಹಳಿಗಳ ನಡುವಿನ ಅಂತರ ಕಡಿಮೆ ಇರುವ ಲೈನ್‌ನ) ಉಗಿ ಇಂಜಿನ್ ಇಳಿಸಿಕೊಂಡಿದ್ದೀರಿ. ಕೆಲವಕ್ಕೆ ಕ್ಯಾಬ್ (ಚಾಲಕ ನಿಲ್ಲುವ ಜಾಗದ ಒಳನೋಟ) ಬರುತ್ತಿಲ್ಲ, ಕೆಲವಕ್ಕೆ ಸದ್ದೇ ಇಲ್ಲ. ಡಾರ್ಜಿಲಿಂಗ್ ಬೆಟ್ಟದ ರೈಲಿನ ಬಿ ಕ್ಲಾಸ್ ಇಂಜಿನ್ ಏರಿನಲ್ಲಿ ಚಕ್ರ ತಿರುಗಿಸುತ್ತಾ ನಿಂತುಬಿಡುತ್ತದೆ, ಇಲ್ಲದಿದ್ದರೆ ಅರ್ಧ ದಾರಿಗೆ ಉಗಿ ಖಾಲಿ. ತಪ್ಪು ಆಟದ್ದೋ ನನ್ನದೋ ಅಂತ ಕೇಳಿದ್ದೀರಿ. ಇಬ್ಬರದೂ ಸ್ವಲ್ಪ ಸ್ವಲ್ಪ ಇದೆ ಅನ್ನಿಸುತ್ತದೆ.

ಮೊದಲು ಕೂಡಿಡುವ ವಿಷಯ. ನಾನೂ ಶುರುವಿನಲ್ಲಿ ಕಂಡದ್ದನ್ನೆಲ್ಲ ಇಳಿಸುತ್ತಿದ್ದೆ. ವೇಲ್ಸ್‌ನ ಇಂಜಿನ್‌ಗೆ ಕೊಲರಾಡೋದ ವ್ಯಾಗನ್ ಕಟ್ಟಿ ಡಾರ್ಜಿಲಿಂಗ್ ಬೆಟ್ಟ ಹತ್ತಿಸಿದವನು ನಾನು. ಆಟ ಬೇಡ ಅನ್ನುವುದಿಲ್ಲ, ಓಡಿಸುತ್ತದೆ. ಆದರೆ ನ್ಯಾರೋಗೇಜ್ ಅಂದರೆ ಒಂದೇ ಅಳತೆ ಅಲ್ಲ. ಡಾರ್ಜಿಲಿಂಗ್ 2 ಅಡಿ. ವೇಲ್ಸ್‌ನ ಫೆಸ್ಟಿನಿಯಾಗ್ 1 ಅಡಿ 11½ ಇಂಚು, ಅದೇ ವೇಲ್ಸ್‌ನ ಟಾಲಿಲಿನ್ 2 ಅಡಿ 3 ಇಂಚು. ಕೊಲರಾಡೋದ ಬೆಟ್ಟದ ಲೈನ್‌ಗಳು 3 ಅಡಿ. ನಮ್ಮ ಬಂಗಾರಪೇಟೆ–ಕೋಲಾರ ಲೈನ್ ಬ್ರಾಡ್‌ಗೇಜ್ ಆಗುವ ಮುಂಚೆ 2 ಅಡಿ 6 ಇಂಚು. ಒಂದರ ಗಾಡಿಯನ್ನು ಇನ್ನೊಂದರ ಹಳಿ ಮೇಲೆ ಇಟ್ಟರೆ ಚಕ್ರ ಗಾಳಿಯಲ್ಲಿ ನೇತಾಡುತ್ತದೆ. ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಅದೇ ಕಾಣುತ್ತಿರುತ್ತದೆ.

ಅದಕ್ಕೇ ನಾನು ಈಗ ಇಂಜಿನ್ ಕೂಡಿಡುವುದಿಲ್ಲ, ಲೈನ್ ಕೂಡಿಡುತ್ತೇನೆ. ಒಂದು ಲೈನ್ ಆರಿಸಿಕೊಳ್ಳಿ. ಅದರಲ್ಲಿ ನಿಜವಾಗಿ ಓಡಿದ ಇಂಜಿನ್, ಬೋಗಿ, ವ್ಯಾಗನ್ ಮಾತ್ರ ಹುಡುಕಿ. ಪ್ರತಿ ಲೈನ್‌ಗೂ ಬೇರೆ ಫೋಲ್ಡರ್ ಮಾಡಿ. ಅದರೊಳಗೆ ಗ್ಲೋಬಲ್, ರೂಟ್ಸ್, ಸೌಂಡ್, ಟ್ರೇನ್ಸ್ ಅಂತ ಅದರದ್ದೇ ನಾಲ್ಕು ಫೋಲ್ಡರ್ ಇರಲಿ. ಓಪನ್ ರೈಲ್ಸ್‌ನ ಆಪ್ಷನ್ಸ್‌ನಲ್ಲಿ ಕಂಟೆಂಟ್ ಅನ್ನುವ ಕಡೆ ಅದನ್ನು ಸೇರಿಸಿದರೆ ಆಯಿತು. ಒಂದು ಲೈನ್ ಕೆಟ್ಟರೆ ಇನ್ನೊಂದಕ್ಕೆ ತಗುಲುವುದಿಲ್ಲ. ಇಳಿಸಿದ ಜಿಪ್ ಫೈಲ್ ಅಳಿಸಬೇಡಿ. ಒಳಗಿನ ರೀಡ್‌ಮೀ ಓದಿ, ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಅಲ್ಲೇ ಇರುತ್ತದೆ.

ಕ್ಯಾಬ್ ಮತ್ತು ಸದ್ದು ಇಲ್ಲದಿರುವುದಕ್ಕೆ ಕಾರಣ ಸುಲಭ. ಓಪನ್ ರೈಲ್ಸ್ ಉಚಿತ, ಆದರೆ ಅದು ಓದುವ ಗಾಡಿಗಳಲ್ಲಿ ತುಂಬಾ 2001ರ ಮೈಕ್ರೋಸಾಫ್ಟ್ ಟ್ರೇನ್ ಸಿಮ್ಯುಲೇಟರ್‌ಗೆ ಮಾಡಿದವು. ಆಗ ಎಲ್ಲರ ಹತ್ತಿರ ಆ ಆಟ ಇತ್ತು. ಹಾಗಾಗಿ ಮಾಡಿದವರು ಹೊಸ ಕ್ಯಾಬ್, ಹೊಸ ಸದ್ದು ಕೊಡುವ ಬದಲು ಆಟದ ಜೊತೆ ಬರುತ್ತಿದ್ದ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಥರದ ಇಂಜಿನ್‌ನ ಫೋಲ್ಡರ್ ಕಡೆಗೆ ಕೈ ತೋರಿಸಿ ಬಿಟ್ಟರು. ನಿಮ್ಮ ಹತ್ತಿರ ಆ ಹಳೆಯ ಆಟ ಇಲ್ಲ, ಅದಕ್ಕೆ ಕ್ಯಾಬ್ ಇಲ್ಲ. ಇಂಜಿನ್‌ನ ವಿವರ ಬರೆದಿರುವ ಇಎನ್‌ಜಿ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಕ್ಯಾಬ್‌ವ್ಯೂ, ಸೌಂಡ್ ಸಾಲುಗಳನ್ನು ನೋಡಿ. ಎರಡು ಚುಕ್ಕಿ ಹಾಕಿ ಬೇರೆ ಫೋಲ್ಡರ್‌ಗೆ ಹೋಗುತ್ತಿದ್ದರೆ ಅದೇ ಕಾಯಿಲೆ. ನಿಮ್ಮಲ್ಲಿರುವ ಇನ್ನೊಂದು ಇಂಜಿನ್‌ನ ಫೋಲ್ಡರ್ ಹೆಸರು ಅಲ್ಲಿ ಬರೆದರೆ ಸರಿ ಹೋಗುತ್ತದೆ. ಮೂಲ ಫೈಲಿನ ಒಂದು ಪ್ರತಿ ತೆಗೆದಿಟ್ಟುಕೊಂಡು ಮಾಡಿ. ತಿದ್ದಿದ್ದನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ, ಮಾಡಿದವರನ್ನು ಕೇಳದೆ ಇಲ್ಲಿ ಹಂಚಬೇಡಿ.

ಈಗ ಬಿ ಕ್ಲಾಸ್‌ಗೆ ಬರೋಣ. ಇದು 1889ರಿಂದ 1925ರವರೆಗೆ ಮಾಡಿದ ಇಂಜಿನ್. ನಾಲ್ಕೇ ಚಕ್ರ, ಎಲ್ಲವೂ ಎಳೆಯುವ ಚಕ್ರ. ಸಿಲಿಂಡರ್ 11 ಇಂಚು ಅಗಲ, ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 14 ಇಂಚು. ಚಕ್ರ 26 ಇಂಚು. ಬಾಯ್ಲರ್ ಒತ್ತಡ ಚದರ ಇಂಚಿಗೆ 140 ಪೌಂಡ್. ತೂಕ ಸುಮಾರು 14 ಟನ್. ಈ ಐದು ಸಂಖ್ಯೆ ಇದ್ದರೆ ನೀವು ಇಳಿಸಿದ ಇಂಜಿನ್ ಸರಿಯೋ ಸುಳ್ಳೋ ಅಂತ ಹತ್ತು ನಿಮಿಷದಲ್ಲಿ ಹೇಳಬಹುದು.

ಲೆಕ್ಕ ಹೀಗೆ. ಒತ್ತಡದ ಶೇ. 85 ತೆಗೆದುಕೊಳ್ಳಿ, 119 ಆಯಿತು. ಅದನ್ನು 11ರ ವರ್ಗ, ಅಂದರೆ 121ರಿಂದ ಗುಣಿಸಿ. ಮತ್ತೆ 14ರಿಂದ ಗುಣಿಸಿ, 26ರಿಂದ ಭಾಗಿಸಿ. ಸುಮಾರು 7,750 ಪೌಂಡ್ ಎಳೆಯುವ ಬಲ, ಅಂದರೆ 34–35 ಕಿಲೋನ್ಯೂಟನ್. ನಿಮ್ಮ ಇಎನ್‌ಜಿ ಫೈಲಿನಲ್ಲಿ ಇದು 100, 150 ಅಂತ ಇದ್ದರೆ ಯಾರೋ ದೊಡ್ಡ ಇಂಜಿನ್‌ನ ಫೈಲ್ ನಕಲು ಮಾಡಿ ಹೆಸರು ಬದಲಿಸಿದ್ದಾರೆ ಅಂತ ಅರ್ಥ. ತುಂಬಾ ಜನ ಬೀಳುವ ಇನ್ನೊಂದು ಗುಂಡಿ ವೀಲ್ ರೇಡಿಯಸ್. ಅಲ್ಲಿ ಬರೆಯಬೇಕಾದ್ದು ಚಕ್ರದ ಅರ್ಧ ಅಗಲ, 0.33 ಮೀಟರ್. ಪೂರ್ತಿ 0.66 ಬರೆದರೆ ಬಲ ಅರ್ಧಕ್ಕೆ ಇಳಿಯುತ್ತದೆ. ಈ ಸಾಲು ಫೈಲಿನಲ್ಲಿ ಎರಡು ಕಡೆ ಬರುತ್ತದೆ. ಎಳೆಯುವ ಚಕ್ರದ್ದು ಇಂಜಿನ್ ಅನ್ನುವ ಭಾಗದಲ್ಲಿರುವುದು.

ಚಕ್ರ ಸುಮ್ನೆ ತಿರುಗುವುದಕ್ಕೂ ಉತ್ತರ ಇದರಲ್ಲೇ ಇದೆ. 14 ಟನ್ ಅಂದರೆ 31,000 ಪೌಂಡ್‌ಗೆ ಸ್ವಲ್ಪ ಮೇಲೆ. ಎಳೆಯುವ ಬಲ ಅದರ ಕಾಲು ಭಾಗ. ಒಣ ಹಳಿಯಲ್ಲಿ ಕಾಲು ಭಾಗದವರೆಗೆ ಹಿಡಿತ ಸಿಗುತ್ತದೆ, ಮಂಜು ಮಳೆಯಲ್ಲಿ ಸಿಗುವುದಿಲ್ಲ. ಡಾರ್ಜಿಲಿಂಗ್‌ನಲ್ಲಿ ಇಂಜಿನ್ ಮುಂದೆ ಬಫರ್ ಮೇಲೆ ಇಬ್ಬರು ಕೂತು ಕೈಯಿಂದ ಹಳಿಗೆ ಮರಳು ಹಾಕುತ್ತಿದ್ದದ್ದು ಶೋಕಿಗಲ್ಲ. ಆಟದಲ್ಲಿ ಆ ಇಬ್ಬರ ಕೆಲಸ ಎಕ್ಸ್ ಕೀಲಿಯದು. ಚಕ್ರ ಜಾರುವವರೆಗೆ ಕಾಯಬೇಡಿ, ತಿರುವು ಬರುವ ಮುಂಚೆಯೇ ಒತ್ತಿ. ಆದರೂ ಜಾರಿದರೆ ಮೊದಲು ರೆಗ್ಯುಲೇಟರ್ (ಉಗಿ ಬಿಡುವ ಹಿಡಿ) ಪೂರ್ತಿ ಮುಚ್ಚಿ, ಮರಳು ಹಾಕಿ, ಆಮೇಲೆ ಸ್ವಲ್ಪ ಸ್ವಲ್ಪ ತೆರೆಯಿರಿ.

ಎಷ್ಟು ಬೋಗಿ ಕಟ್ಟಿದ್ದೀರಿ ಅಂತ ನೀವು ಬರೆದಿಲ್ಲ. ಆರು ಇದ್ದರೆ ಮೂರಕ್ಕೆ ಇಳಿಸಿ. ಆ ಲೈನ್‌ನಲ್ಲಿ 25 ಅಡಿ ಹೋದರೆ ಒಂದು ಅಡಿ ಏರುವ ಜಾಗಗಳಿವೆ. ಕೆಲವು ಕಡೆ ಅದಕ್ಕಿಂತ ಕಡಿದು.

ಉಗಿ ಖಾಲಿಯಾಗುವುದು ಮಾತ್ರ ನಿಮ್ಮ ಕೈಯ ತಪ್ಪು ಅಂತ ನನ್ನ ಊಹೆ. ಇದರ ಚಕ್ರ ಒಂದು ಸುತ್ತಿಗೆ ಎರಡು ಮೀಟರ್ ಮಾತ್ರ ಹೋಗುತ್ತದೆ. ಗಂಟೆಗೆ 15 ಕಿ.ಮೀ. ಹೋಗುವಾಗಲೇ ಸೆಕೆಂಡಿಗೆ ಎರಡು ಸುತ್ತು, ಎಂಟು ಸಲ ಚಿಮಣಿಯಲ್ಲಿ ಸದ್ದು. ಕಿವಿಗೆ ಎಕ್ಸ್‌ಪ್ರೆಸ್, ಕಣ್ಣಿಗೆ ಎತ್ತಿನ ಗಾಡಿ. ಪ್ರತಿ ಸಲವೂ ಆ ಪುಟ್ಟ ಬಾಯ್ಲರ್‌ನಿಂದ ಉಗಿ ಹೋಗುತ್ತಿದೆ. ನೀವು 25ಕ್ಕೆ ಎಳೆದರೆ ಯಾವ ಫೈರ್‌ಮ್ಯಾನ್ ಬಂದರೂ ಸಾಲುವುದಿಲ್ಲ. 12ರ ಆಸುಪಾಸಿನಲ್ಲಿ ಇರಿ. ಹೊರಡುವಾಗ ರಿವರ್ಸರ್ (ಪ್ರತಿ ಹೊಡೆತಕ್ಕೆ ಸಿಲಿಂಡರ್‌ಗೆ ಎಷ್ಟು ಉಗಿ ಹೋಗಬೇಕು ಅಂತ ನಿಗದಿ ಮಾಡುವ ಹಿಡಿ) ಶೇ. 75ರಲ್ಲಿಡಿ, ಗಾಡಿ ಹಿಡಿದ ಮೇಲೆ 50ಕ್ಕೆ ತನ್ನಿ. ದೊಡ್ಡ ಇಂಜಿನ್ ಓಡಿಸಿದ ಅಭ್ಯಾಸದಲ್ಲಿ 20ಕ್ಕೆ ಇಳಿಸಿದರೆ ಏರಿನಲ್ಲಿ ನಿಂತುಬಿಡುತ್ತದೆ.

ನೀರಿನ ಬಗ್ಗೆ ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ಬೆಟ್ಟದ ಲೈನ್‌ನ ಮಜಾ ಇರುವುದೇ ಇಲ್ಲಿ. ಬಾಯ್ಲರ್‌ಗೆ ನೀರು ತುಂಬುವ ಇಂಜೆಕ್ಟರ್ ಹಾಕಿದರೆ ತಣ್ಣೀರು ಒಳಗೆ ಹೋಗಿ ಒತ್ತಡ ಬೀಳುತ್ತದೆ. ಅದಕ್ಕೆ ಏರಿನ ಮಧ್ಯದಲ್ಲಿ ಹಾಕಬೇಡಿ. ನಿಲ್ದಾಣದಲ್ಲಿ ನಿಂತಾಗ, ಸೇಫ್ಟಿ ವಾಲ್ವ್ ಏಳುವ ಹೊತ್ತಿಗೆ ಹಾಕಿ. ಒಂದು ಸಲಕ್ಕೆ ತುಂಬಾ ಬೇಡ, ಸಾರಿಗೆ ಉಪ್ಪು ಹಾಕಿದ ಹಾಗೆ ನೋಡಿಕೊಂಡು ಹಾಕಿ. ಇನ್ನು ಏರು. ಚಿಮಣಿ ಮುಂದಾಗಿ ಹತ್ತುವಾಗ ಬಾಯ್ಲರ್‌ನ ನೀರು ಹಿಂದೆ, ಫೈರ್‌ಬಾಕ್ಸ್ ಕಡೆಗೆ ಸರಿಯುತ್ತದೆ. ನೀರಿನ ಮಟ್ಟ ತೋರಿಸುವ ಗಾಜಿನಲ್ಲಿ ನೀರು ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ಝಡ್ ರಿವರ್ಸ್, ಅಂದರೆ ಗಾಡಿ ಮುಂದೆ, ಹಿಂದೆ, ಮತ್ತೆ ಮುಂದೆ ಹೋಗಿ ಎತ್ತರ ಏರುವ ಝಡ್ ಆಕಾರದ ಹಳಿ, ಬಂತು ಅನ್ನಿ. ಅಲ್ಲಿ ಮಧ್ಯದ ತುಂಡನ್ನು ಹಿಂದಕ್ಕೆ ಹೋಗುತ್ತಾ ಏರಬೇಕು. ಆಗ ನೀರು ಚಿಮಣಿ ಕಡೆಗೆ ಓಡುತ್ತದೆ, ಗಾಜಿನಲ್ಲಿ ಸರ್ರನೆ ಇಳಿಯುತ್ತದೆ. ಘುಮ್ ದಾಟಿದ ಮೇಲೂ ಅಷ್ಟೇ. ಅದು 7,407 ಅಡಿ ಎತ್ತರದ ತುದಿ. ಅಲ್ಲಿಂದ ಬತಾಸಿಯಾ ಲೂಪ್ ಸುತ್ತಿ ಡಾರ್ಜಿಲಿಂಗ್‌ಗೆ ಇಳಿಜಾರು. ಅರ್ಧ ಗಾಜು ಇದೆ ಅಂತ ನಂಬಿ ಬಂದರೆ ಫೈರ್‌ಬಾಕ್ಸ್‌ನ ನೆತ್ತಿ ಒಣಗುತ್ತದೆ. ಎಲ್ಲ ಆಟ, ಎಲ್ಲ ಇಂಜಿನ್ ಈ ಸರಿದಾಟ ತೋರಿಸುವುದಿಲ್ಲ. ಆದರೆ ನೀರು ನಿಜವಾಗಿ ಕಡಿಮೆಯಾದರೆ ಓಪನ್ ರೈಲ್ಸ್ ಬಿಡುವುದಿಲ್ಲ. ಫೈರ್‌ಬಾಕ್ಸ್‌ನ ನೆತ್ತಿಯಲ್ಲಿರುವ ಸುರಕ್ಷತೆಯ ಪ್ಲಗ್ ಕರಗಿತು ಅಂತ ಬರೆದು ಇಂಜಿನ್ ನಿಲ್ಲಿಸಿಬಿಡುತ್ತದೆ. ತುದಿ ತಲುಪುವಾಗ ಮುಕ್ಕಾಲು ಗಾಜು ಇರುವ ಹಾಗೆ ನೋಡಿಕೊಳ್ಳಿ.

ಕಲ್ಲಿದ್ದಲು ಹಾಕುವುದನ್ನು ಮೊದಲ ತಿಂಗಳು ಆಟಕ್ಕೇ ಬಿಡಿ. ಆಮೇಲೆ ಕಂಟ್ರೋಲ್ ಜೊತೆ ಎಫ್ ಒತ್ತಿದರೆ ಸಲಿಕೆ ನಿಮ್ಮ ಕೈಗೆ ಬರುತ್ತದೆ. ಎಫ್5 ಒಮ್ಮೆ ಒತ್ತಿದರೆ ಒತ್ತಡ, ನೀರು ಎಲ್ಲ ಪರದೆ ಮೇಲೆ ಕಾಣುತ್ತದೆ.

ಬ್ರೇಕ್ ಬಗ್ಗೆ ಒಂದು ಪೆಟ್ಟು ತಿಂದ ಕಥೆ. ಒಮ್ಮೆ ಡಾರ್ಜಿಲಿಂಗ್ ಲೈನ್‌ನಲ್ಲಿ ಮೇಲಿನಿಂದ ಬೆಟ್ಟದ ಬುಡದ ಸುಕ್ನಾ ಕಡೆಗೆ ಇಳಿಯುತ್ತಿದ್ದೆ. ಬ್ರೇಕ್ ಹಾಕಿದರೆ ಇಂಜಿನ್ ಮಾತ್ರ ಹಿಡಿಯುತ್ತಿದೆ, ಬೋಗಿಗಳು ತಳ್ಳಿಕೊಂಡು ಬರುತ್ತಿವೆ. ಗಾಡಿ 50 ದಾಟಿತು, ಆಮೇಲೆ ಏನಾಯಿತು ಅಂತ ಕೇಳಬೇಡಿ. ನೋಡಿದರೆ ಇಂಜಿನ್ ಫೈಲಿನಲ್ಲಿ ವ್ಯಾಕ್ಯೂಮ್ ಬ್ರೇಕ್, ಬೋಗಿ ಫೈಲಿನಲ್ಲಿ ಏರ್ ಬ್ರೇಕ್ ಅಂತ ಬರೆದಿದೆ. ಎರಡನ್ನೂ ಬೇರೆ ಬೇರೆ ಕಡೆಯಿಂದ ತಂದಿದ್ದೆ. ಈಗ ಹೊಸ ಗಾಡಿ ಜೋಡಿಸಿದರೆ ಬ್ರೇಕ್ ಸಿಸ್ಟಮ್ ಟೈಪ್ ಸಾಲನ್ನು ಮೊದಲು ನೋಡುತ್ತೇನೆ.

ಡಾರ್ಜಿಲಿಂಗ್ ಕೈಗೆ ಹತ್ತಿದ ಮೇಲೆ ಫೆಸ್ಟಿನಿಯಾಗ್ ಹುಡುಕಿ. 1836ರಲ್ಲಿ ಸ್ಲೇಟ್ ಕಲ್ಲು ಸಾಗಿಸಲು ಶುರುವಾದ ಲೈನ್. ಮೊದಮೊದಲು ತುಂಬಿದ ವ್ಯಾಗನ್‌ಗಳು ಇಂಜಿನ್ ಇಲ್ಲದೆ, ಇಳಿಜಾರಿನ ಬಲದಲ್ಲೇ ಬಂದರಿನವರೆಗೆ ಬರುತ್ತಿದ್ದವು. ಖಾಲಿ ವ್ಯಾಗನ್ ಮೇಲಕ್ಕೆ ಎಳೆಯುವ ಕುದುರೆಗಳು ಅದೇ ಗಾಡಿಯಲ್ಲಿ ಕೂತು ಕೆಳಗೆ ಬರುತ್ತಿದ್ದವು! 1869ರಲ್ಲಿ ಬಂದ ಲಿಟಲ್ ವಂಡರ್ ಎರಡು ತಲೆಯ ಫೇರ್ಲಿ ಇಂಜಿನ್, ಎರಡೂ ತುದಿಗೆ ಚಿಮಣಿ. ಅದನ್ನು ಓಡಿಸುವ ರೀತಿಯೇ ಬೇರೆ, ಇನ್ನೊಂದು ದಿನ ಬರೆಯುತ್ತೇನೆ.

ಕೋಲಾರದ ನ್ಯಾರೋಗೇಜ್ ಲೈನನ್ನು ಯಾರಾದರೂ ಮಾಡಿದ್ದಾರಾ ಅಂತಲೂ ಕೇಳಿದ್ದಿರಿ. ನನ್ನ ಕಣ್ಣಿಗೆ ಬಿದ್ದಿಲ್ಲ. ಗುಂಪಿನಲ್ಲಿ ಯಾರ ಮನೆಯಲ್ಲಾದರೂ ಆ ಕಾಲದ ಫೋಟೋ ಇದ್ದರೆ ಹಾಕಿ. ಆ ಲೈನ್ ಚಿಕ್ಕಬಳ್ಳಾಪುರ ದಾಟಿ ಯಲಹಂಕದ ಕಡೆಗೆ ಮುಂದುವರಿದ ದಾರಿಯಲ್ಲಿ ನಂದಿ ಹಾಲ್ಟ್ ನಿಲ್ದಾಣವಾದರೂ ಇನ್ನೂ ಇದೆ, ಅಳತೆ ತೆಗೆಯಬಹುದು.

ಸದ್ಯಕ್ಕೆ ನಿಮ್ಮ ಬಿ ಕ್ಲಾಸ್‌ನ ಇಎನ್‌ಜಿ ಫೈಲಿನಿಂದ ಸಿಲಿಂಡರ್, ವೀಲ್ ರೇಡಿಯಸ್, ಬಾಯ್ಲರ್ ಒತ್ತಡ, ತೂಕ, ಬ್ರೇಕ್ ಈ ಐದು ಸಾಲು ಇಲ್ಲಿ ಹಾಕಿ. ಎಷ್ಟು ಬೋಗಿ ಅಂತಲೂ ಬರೆಯಿರಿ. ರಾತ್ರಿ ಊಟ ಆದ ಮೇಲೆ ನೋಡುತ್ತೇನೆ.