ಮನೆಯ ರೀಫ್ ಅಕ್ವೇರಿಯಂನಲ್ಲಿ (ಹವಳ ಸಾಕುವ ಉಪ್ಪುನೀರಿನ ತೊಟ್ಟಿ) ನೀರು ಇಳಿದಾಗ ಉಪ್ಪುನೀರು ಹಾಕಬೇಕೋ, ಸಿಹಿನೀರೋ?

ಸಿಹಿನೀರನ್ನೇ ಹಾಕಿ, ಅದೂ ಆರ್‌ಒ ನೀರು. ಆವಿಯಾಗಿ ಹೋಗುವುದು ನೀರು ಮಾತ್ರ. ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. 40 ಲೀಟರ್ ತೊಟ್ಟಿಯಲ್ಲಿ ಲೀಟರಿಗೆ 35 ಗ್ರಾಂ ಉಪ್ಪಿದೆ ಎನ್ನಿ. 2 ಲೀಟರ್ ಆರಿದರೆ ಅದು ಸುಮಾರು 37ಕ್ಕೆ ಏರುತ್ತದೆ. ಆ ಜಾಗಕ್ಕೆ ಮತ್ತೆ ಉಪ್ಪುನೀರು ಸುರಿದರೆ ಏರಿದ್ದು ಇಳಿಯುವುದೇ ಇಲ್ಲ, ಮುಂದಿನ ಸಲ ಇನ್ನೂ ಏರುತ್ತದೆ. ಹವಳಗಳು ಅರಳದೆ ಮುದುಡಿಕೊಂಡೇ ಇರುತ್ತವೆ.

ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಟೇಪು ಅಂಟಿಸಿ, ಇಳಿದಷ್ಟನ್ನು ದಿನಾ ತುಂಬಿಸಿ. ವಾರದ್ದನ್ನೆಲ್ಲ ಒಮ್ಮೆಲೇ ಸುರಿಯಬೇಡಿ, ಚಿಕ್ಕ ತೊಟ್ಟಿಯಲ್ಲಿ ಆ ಏರಿಳಿತವೇ ದೊಡ್ಡ ಪೆಟ್ಟು. ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಅದರಲ್ಲಿ ನೈಟ್ರೇಟ್ ಇದ್ದರೆ ಪಾಚಿ ಹಬ್ಬುತ್ತದೆ. ಉಪ್ಪುನೀರು ಬೇಕಾಗುವುದು ನೀರು ಬದಲಿಸುವಾಗ, ಅದೂ ರಿಫ್ರಾಕ್ಟೋಮೀಟರಿನಲ್ಲಿ (ನೀರಿನ ಉಪ್ಪಿನಂಶ ಅಳೆಯುವ ಉಪಕರಣ) ಸಾಪೇಕ್ಷ ಸಾಂದ್ರತೆ 1.025 ಇದೆಯೇ ಎಂದು ನೋಡಿಕೊಂಡು.