ಆರನೇ ರಾತ್ರಿ ಎಲ್ಲಿ ಮಲಗಬೇಕು?

ಅಥಣಿ ತಾಲ್ಲೂಕಿನ ನಿವೃತ್ತ ಮಾಸ್ತರರೊಬ್ಬರು ಪತ್ರ ಬರೆದಿದ್ದಾರೆ. ಅವರ ಓಣಿಯ ಹೆಣ್ಣುಮಗಳೊಬ್ಬಳು ಗಂಡನ ಹೊಡೆತ ತಾಳದೆ ಮಕ್ಕಳನ್ನು ಕಟ್ಟಿಕೊಂಡು ಬೆಳಗಾವಿಗೆ ಹೋದಳಂತೆ. ವಾರ ತುಂಬುವುದರೊಳಗೆ ತಿರುಗಿ ಬಂದಳಂತೆ. ‘ಹೀಗೆ ವಾಪಸ್ ಬರುವುದಾದರೆ ಸರ್ಕಾರ ಇನ್ನಷ್ಟು ಆಶ್ರಯ ಮನೆ ಮಾಡುವುದು ದುಡ್ಡು ದಂಡ ಅಲ್ವಾ? ಹಿರಿಯರು ಕೂತು ಬುದ್ಧಿ ಹೇಳಿದರೆ ಸಾಲದೇ?’ ಎಂದು ಕೇಳಿದ್ದಾರೆ.

ಮಾಸ್ತರೇ, ನಮಸ್ಕಾರ.

ಆಕೆ ಯಾಕೆ ತಿರುಗಿ ಬಂದಳು ಎಂದು ನೀವು ಬರೆದಿಲ್ಲ. ನಾನು ಊಹಿಸುವುದೂ ಸರಿಯಲ್ಲ. ಆದರೆ ವ್ಯವಸ್ಥೆ ಹೇಗಿದೆ ನೋಡಿ. ಜಿಲ್ಲೆಯ ಸಖಿ ಒನ್ ಸ್ಟಾಪ್ ಸೆಂಟರ್‌ನಲ್ಲಿ ಡಾಕ್ಟರು, ಪೊಲೀಸರು, ವಕೀಲರ ನೆರವು ಒಂದೇ ಕಡೆ ಸಿಗುತ್ತದೆ. ಒಳ್ಳೆಯ ಯೋಜನೆ. ಆದರೆ ಅಲ್ಲಿ ಉಳಿಯಲು ಸಿಗುವುದು ಹೆಚ್ಚೆಂದರೆ ಐದು ದಿನ. ಆರನೇ ರಾತ್ರಿಗೆ ಶಕ್ತಿ ಸದನ ಎಂಬ ಸರ್ಕಾರಿ ಆಶ್ರಯ ಮನೆ, ಇಲ್ಲವೇ ತವರು, ಇಲ್ಲವೇ ಹೊಡೆದವನ ಮನೆ. ಹಿಂದಿನ ಸ್ವಾಧಾರ ಗೃಹವೇ ಕೇಂದ್ರ ಸರ್ಕಾರದ 2022ರ ಮಿಷನ್ ಶಕ್ತಿ ಯೋಜನೆಯಲ್ಲಿ ಶಕ್ತಿ ಸದನವಾಯಿತು. ಅಲ್ಲಿ ತಿಂಗಳುಗಟ್ಟಲೆ ಇರಬಹುದು. ಆದರೆ ಗಂಡುಮಗ 12 ವರ್ಷ ದಾಟಿದ್ದರೆ ಅವನಿಗೆ ಅಲ್ಲಿ ಜಾಗವಿಲ್ಲ. ಎಂಟನೇ ತರಗತಿಯ ಮಗನನ್ನು ಅಂಥ ಅಪ್ಪನ ಕೈಗೆ ಬಿಟ್ಟು ಯಾವ ತಾಯಿ ಹೋದಾಳು?

ದೂರದ ಮಾತು ಬೇರೆಯೇ. ಅಥಣಿಯಿಂದ ಬೆಳಗಾವಿ ನೂರು ಕಿಲೋಮೀಟರಿಗೂ ಜಾಸ್ತಿ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಫ್ರೀ ಇದೆ, ಸರಿ. ರಾತ್ರಿ ಉಟ್ಟ ಸೀರೆಯಲ್ಲೇ ಹೊರಬಿದ್ದವಳ ಕೈಯಲ್ಲಿ ಆಧಾರ್ ಕಾರ್ಡ್ ಇರುತ್ತದೆಯೇ? ಮಕ್ಕಳ ಶಾಲೆ, ಆಕೆಯ ಕೂಲಿ, ಸಂಘದ ಸಾಲದ ಕಂತು ಎಲ್ಲ ಊರಲ್ಲೇ ಇವೆ. ಜೀವ ಉಳಿಸಿಕೊಳ್ಳಲು ಇಷ್ಟನ್ನೆಲ್ಲ ಬಿಟ್ಟು ಹೋಗು ಎನ್ನುತ್ತಿದ್ದೇವೆ.

ಹಿರಿಯರು ಕೂಡುವುದಕ್ಕೆ ನನ್ನ ತಕರಾರಿಲ್ಲ. ಆದರೆ ಪಂಚರ ಮುಂದೆ ನಿಂತವಳಿಗೆ ಆ ರಾತ್ರಿ ಮಲಗಲು ಬೇರೆ ಜಾಗವಿದ್ದರೆ ಮಾತ್ರ ‘ಒಲ್ಲೆ’ ಎನ್ನುವ ಧೈರ್ಯ ಬರುತ್ತದೆ. ಇಲ್ಲದಿದ್ದರೆ ‘ಹೊಂದಿಕೊಂಡು ಹೋಗವ್ವಾ’ ಎಂದಾಗ ಸುಮ್ನೆ ತಲೆ ಆಡಿಸುವುದೇ ಗತಿ. ಅದನ್ನು ರಾಜಿ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಇದು ಒಂದೆರಡು ಮನೆಯ ಕಥೆಯೂ ಅಲ್ಲ. 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ, 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಯುರೋಪಿನಲ್ಲಿ ಒಂದು ಅಳತೆಗೋಲಿದೆ: ಹತ್ತು ಸಾವಿರ ಜನರಿಗೆ ಒಂದು ಕುಟುಂಬ ತಂಗುವಷ್ಟು ಆಶ್ರಯ. ಬೆಳಗಾವಿ ಜಿಲ್ಲೆಯ ಜನಸಂಖ್ಯೆ 2011ರಲ್ಲೇ 47 ಲಕ್ಷ ದಾಟಿತ್ತು. ಆ ಲೆಕ್ಕಕ್ಕೆ 470 ಕುಟುಂಬಗಳಿಗೆ ಜಾಗ ಬೇಕು. ಒಂದು ಶಕ್ತಿ ಸದನ ಹಿಡಿಸುವುದು 50 ಮಂದಿಯನ್ನು.

ಆದ್ದರಿಂದ ದುಡ್ಡು ದಂಡ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ದೊಡ್ಡ ಕಟ್ಟಡವೇ ಬೇಕೆಂದಿಲ್ಲ. ಅಥಣಿ, ರಾಮದುರ್ಗ, ಖಾನಾಪುರದಂಥ ಪ್ರತಿ ತಾಲ್ಲೂಕಿನಲ್ಲಿ ಹತ್ತು ಹಾಸಿಗೆಯ ಒಂದು ಮನೆ, ರಾತ್ರಿಯೂ ಇರುವ ಒಬ್ಬ ಮೇಲ್ವಿಚಾರಕಿ, ಬಾಗಿಲಿಗೆ ಕಾವಲು. ಶಕ್ತಿ ಸದನದ ಖರ್ಚಿನಲ್ಲಿ ಕೇಂದ್ರ 60, ರಾಜ್ಯ 40 ಪಾಲು ಹಾಕುತ್ತವೆ. ದಾರಿ ಇದೆ. ಮನೆಯೊಳಗಿನ ಹಿಂಸೆಗೆ ಸಿಕ್ಕ ಹೆಂಗಸರಿಗೆ ನೆರವಾಗುವ ಸಂರಕ್ಷಣಾಧಿಕಾರಿಗಳನ್ನು ತಾಲ್ಲೂಕು ಮಟ್ಟದಲ್ಲೂ ನೇಮಿಸಿ, ಆಶ್ರಯ ಮನೆಗಳನ್ನು ಗುರುತಿಸಿ ಎಂದು 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿದೆ. ನಿಮ್ಮ ಶಾಸಕರನ್ನು ಇದನ್ನೇ ಕೇಳಿ.

ಇನ್ನು ಆಕೆಯ ವಿಷಯ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಪ್ರಕಾರ ಮನೆ ಆಕೆಯ ಹೆಸರಿನಲ್ಲಿ ಇಲ್ಲದಿದ್ದರೂ ಅಲ್ಲಿ ವಾಸಿಸುವ ಹಕ್ಕು ಆಕೆಗಿದೆ. ಬೇಕಾದರೆ ಗಂಡನೇ ಹೊರಹೋಗಬೇಕು ಎಂದು ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಆ ಕಚೇರಿ ಅಥಣಿಯಲ್ಲೇ ಇದೆ. ಹೊಡೆತ ಬಿದ್ದ ಹೊತ್ತಿನಲ್ಲಿ 112ಕ್ಕೆ, ಉಳಿದ ನೆರವಿಗೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಬಹುದು. ಆಕೆಯ ಆಧಾರ್, ಪಾಸ್‌ಬುಕ್, ಮಕ್ಕಳ ಶಾಲೆಯ ಕಾಗದಗಳ ಝೆರಾಕ್ಸ್ ನಿಮ್ಮ ಮನೆಯಲ್ಲಿರಲಿ. ಕಚೇರಿಗೆ ಹೋಗಲು ಆಕೆ ಅಂಜಿದರೆ ನಿಮ್ಮ ಮನೆಯವರನ್ನು ಕರೆದುಕೊಂಡು ನೀವೂ ಜೊತೆಗೆ ಹೋಗಿ ಮಾಸ್ತರೇ.

— ಸಂಪಾದಕ